ಜ್ವಾಲಾಮುಖಿ ಸರೋವರದ ನೀರಿನ ವರದಿ ಓದುವುದು ಹೇಗೆ? ನ್ಯೋಸ್ ಕಲಿಸಿದ ಲೆಕ್ಕ

ಆಫ್ರಿಕಾದ ಕ್ಯಾಮರೂನ್ ದೇಶದ ವಾಯವ್ಯ ಮೂಲೆಯಲ್ಲಿ ನ್ಯೋಸ್ ಅನ್ನೋ ಸರೋವರ ಇದೆ. ಹಳೆಯ ಜ್ವಾಲಾಮುಖಿ ಕುಳಿಯಲ್ಲಿ ನೀರು ತುಂಬಿ ಆದದ್ದು. ಅಗಲ ಅಷ್ಟೇನಿಲ್ಲ, ಆದರೆ ಆಳ 200 ಮೀಟರ್‌ಗೂ ಜಾಸ್ತಿ. 1986ರ ಆಗಸ್ಟ್ 21ರ ರಾತ್ರಿ ಅದರ ತಳದ ನೀರಿನಲ್ಲಿ ಕರಗಿ ಕೂತಿದ್ದ ಲಕ್ಷಾಂತರ ಟನ್ ಕಾರ್ಬನ್ ಡೈಆಕ್ಸೈಡ್ ಒಮ್ಮೆಲೇ ಹೊರಗೆ ನುಗ್ಗಿತು. ಈ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದಕ್ಕೇ ಮೇಲೆ ಹೋಗದೆ ಕಣಿವೆ ಹಿಡಿದು ಇಳಿಯಿತು. ನ್ಯೋಸ್, ಚಾ, ಸುಬುಮ್ ಮುಂತಾದ ಹಳ್ಳಿಗಳಲ್ಲಿ 1,700ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ದನಕರುಗಳೂ ಸಾವಿರಾರು ಸತ್ತವು. ಮನೆಗಳು ಮಾತ್ರ ಇದ್ದ ಹಾಗೇ ನಿಂತಿದ್ದವು. ಅದಕ್ಕೆ ಎರಡು ವರ್ಷ ಮೊದಲು, 1984ರ ಆಗಸ್ಟ್ 15ರಂದು, ಅದೇ ದೇಶದ ಮೊನೂನ್ ಸರೋವರದಲ್ಲಿ ಇದೇ ರೀತಿ ಆಗಿ 37 ಜನ ಸತ್ತಿದ್ದರು.

ಇಂಥ ಸರೋವರಗಳ ಬಗ್ಗೆ ಈಗ ಸಾಕಷ್ಟು ಅಳತೆಗಳು ಪ್ರಕಟವಾಗಿವೆ. ಆಳ, ತಾಪಮಾನ, ಪಿಎಚ್, ಕರಗಿದ ಅನಿಲ ಅಂತ ಉದ್ದುದ್ದ ಪಟ್ಟಿಗಳು. ಅವನ್ನು ಓದಿ ಅರ್ಥ ಮಾಡಿಕೊಳ್ಳೋದು ಭೂವಿಜ್ಞಾನ, ರಸಾಯನಶಾಸ್ತ್ರ ಓದುವ ಮಕ್ಕಳಿಗೆ, ಕಲಿಸುವ ಮೇಷ್ಟ್ರುಗಳಿಗೆ, ಸುದ್ದಿ ಓದಿ ಕುತೂಹಲ ಹುಟ್ಟಿದವರಿಗೆ ಕಷ್ಟ ಆಗಬಾರದು ಅನ್ನೋದು ನನ್ನ ಆಸೆ. ಎಲ್ಲರೂ ಮೊದಲು ಕೇಳೋದು "ಒಳಗೆ ಎಷ್ಟು ಅನಿಲ ಇದೆ?" ಅಂತ. ಅದಕ್ಕಿಂತ ಮುಖ್ಯವಾದದ್ದು, ಆ ಅನಿಲದ ಒತ್ತಡ ಅದರ ಮೇಲಿರುವ ನೀರಿನ ಒತ್ತಡಕ್ಕೆ ಎಷ್ಟು ಹತ್ತಿರ ಬಂದಿದೆ ಅನ್ನೋದು. ಕೆಳಗಿನ ಹಂತಗಳೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕಲಿಕ್ಕೆ.

ಒಂದು ಹಾಳೆ, ಪೆನ್ನು, ಮೊಬೈಲ್‌ನ ಕ್ಯಾಲ್ಕುಲೇಟರ್ ಇಟ್ಟುಕೊಳ್ಳಿ. ಪಿಯುಸಿಯ ಕೆಮಿಸ್ಟ್ರಿ ಸ್ವಲ್ಪ ನೆನಪಿದ್ದರೆ ಸಾಕು.

ಹಂತ 1: ಯಾವ ಜಾತಿಯ ಸರೋವರ ಅಂತ ಮೊದಲು ಗುರುತಿಸಿ

ವರದಿ ಕೈಗೆ ಬಂದ ತಕ್ಷಣ ಎರಡು ಸಂಖ್ಯೆ ನೋಡಿ: ಮೇಲ್ಮೈ ನೀರಿನ ಪಿಎಚ್ ಮತ್ತು ತಾಪಮಾನ.

ಪಿಎಚ್ 7ರ ಆಸುಪಾಸಿನಲ್ಲಿದ್ದು, ನೀರು ಅಲ್ಲಿನ ಹವೆಗೆ ತಕ್ಕ ಹಾಗೆ ತಣ್ಣಗಿದ್ದರೆ ಅದು ನ್ಯೋಸ್ ಜಾತಿ. ಕೆಳಗಿನ ಶಿಲಾಪಾಕದಿಂದ ಕಾರ್ಬನ್ ಡೈಆಕ್ಸೈಡ್ ಮಾತ್ರ ಅಂತರ್ಜಲದ ಜೊತೆ ನಿಧಾನವಾಗಿ ತಳಕ್ಕೆ ಸೇರುತ್ತಿರಬಹುದು. ಮೇಲಿನಿಂದ ನೋಡಿದರೆ ಏನೂ ಗೊತ್ತಾಗೋದಿಲ್ಲ. ಜನ ಮೀನು ಹಿಡಿಯುತ್ತಾರೆ, ದನ ನೀರು ಕುಡಿಯುತ್ತವೆ.

ಪಿಎಚ್ 3ಕ್ಕಿಂತ ಕಡಿಮೆ ಇದ್ದರೆ, ಅದರಲ್ಲೂ ನೀರು ಬೆಚ್ಚಗಿದ್ದರೆ, ಜ್ವಾಲಾಮುಖಿಯ ಬಿಸಿ ಅನಿಲಗಳು ನೇರವಾಗಿ ನೀರಿಗೆ ನುಗ್ಗುತ್ತಿವೆ ಅಂತ ಅರ್ಥ. ಇಂಡೊನೇಷ್ಯಾದ ಕಾವಾ ಇಜೆನ್, ಕೋಸ್ಟರಿಕಾದ ಪೊವಾಸ್, ನ್ಯೂಜಿಲೆಂಡ್‌ನ ರುಅಪೆಹು ಈ ಜಾತಿಯವು. ಇವುಗಳ ಲೆಕ್ಕವೇ ಬೇರೆ. ಹಂತ 8ರಲ್ಲಿ ಬರುತ್ತದೆ.

ಪಿಎಚ್ 9, 10 ಇದ್ದರೆ ಪೂರ್ವ ಆಫ್ರಿಕಾದ ನೇಟ್ರಾನ್ ತರಹದ ಕ್ಷಾರ ಸರೋವರ. ಅಲ್ಲಿ ಬಿಸಿಲಿಗೆ ನೀರು ಆವಿಯಾಗಿ ಸೋಡಾ ಉಪ್ಪು ಗಟ್ಟಿಯಾಗುತ್ತಾ ಹೋಗುತ್ತದೆ.

ಇಲ್ಲಿ ನಮ್ಮವರು ಕೇಳುವ ಪ್ರಶ್ನೆ ಒಂದಿದೆ. ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಲೋಣಾರ್ ಸರೋವರವೂ ಹೀಗೇನಾ ಅಂತ. ಅಲ್ಲ. ಹಿಂದೆ ಅದನ್ನು ಜ್ವಾಲಾಮುಖಿ ಕುಳಿ ಅಂತ ತಿಳಿದವರಿದ್ದರು. ಅದು ಉಲ್ಕೆ ಅಪ್ಪಳಿಸಿ ಆದ ಕುಳಿ ಅನ್ನೋದು ಈಗ ಖಚಿತ. ನೀರು ಕ್ಷಾರವಾಗಿದೆ ನಿಜ, ಆದರೆ ಆಳ ಕೆಲವೇ ಮೀಟರ್. ಅಷ್ಟು ಕಡಿಮೆ ಆಳದ ನೀರು ಯಾಕೆ ಅನಿಲವನ್ನು ಕೂಡಿಹಾಕಲಾರದು ಅನ್ನೋದು ಮುಂದಿನ ಹಂತದಲ್ಲಿ ತಾನಾಗಿಯೇ ಗೊತ್ತಾಗುತ್ತದೆ.

ಹಂತ 2: ಪ್ರತಿ ಆಳಕ್ಕೂ ನೀರಿನ ಒತ್ತಡ ಬರೆದುಕೊಳ್ಳಿ

ಹಾಳೆಯಲ್ಲಿ ಮೊದಲ ಕಾಲಂ ಆಳದ್ದು. ಎರಡನೆಯದು ಒತ್ತಡದ್ದು. ಸುಮಾರು 10 ಮೀಟರ್ ನೀರಿಗೆ 1 ವಾಯುಭಾರ (ಸಮುದ್ರ ಮಟ್ಟದಲ್ಲಿ ಗಾಳಿ ಹಾಕುವಷ್ಟು ಒತ್ತಡ) ಅಂತ ಹಿಡಿಯಿರಿ. ಸರಿಯಾಗಿ ಹೇಳೋದಾದರೆ 10.3 ಮೀಟರ್, ಆದರೆ ಅಂದಾಜಿಗೆ 10 ಸಾಕು. ಅದಕ್ಕೆ ಮೇಲಿನ ಗಾಳಿಯ ಒತ್ತಡ ಸೇರಿಸಿ. ಸರೋವರ ಎತ್ತರದಲ್ಲಿದ್ದರೆ ಗಾಳಿಯ ಒತ್ತಡ 1ಕ್ಕಿಂತ ಕಡಿಮೆ ಇರುತ್ತದೆ ಅನ್ನೋದನ್ನು ಮರೆಯಬೇಡಿ. ನ್ಯೋಸ್ ಇರೋದು ಸಮುದ್ರ ಮಟ್ಟಕ್ಕಿಂತ ಸುಮಾರು 1,090 ಮೀಟರ್ ಮೇಲೆ. ಅಲ್ಲಿ ಗಾಳಿಯ ಒತ್ತಡ ಸುಮಾರು 0.9 ವಾಯುಭಾರ.

ಹಾಗಾದರೆ ನ್ಯೋಸ್‌ನ 200 ಮೀಟರ್ ಆಳದಲ್ಲಿ ಒತ್ತಡ 20 + 0.9, ಅಂದರೆ 20.9 ವಾಯುಭಾರ. 50 ಮೀಟರ್‌ನಲ್ಲಿ 5.9. ಐದಾರು ಮೀಟರ್ ಆಳದ ಕೆರೆಯ ತಳದಲ್ಲಿ ಒಂದೂವರೆಯಷ್ಟೇ. ಈ ಸಂಖ್ಯೆ ಆ ಆಳದಲ್ಲಿ ಅನಿಲವನ್ನು ಅದುಮಿಡುವ ಶಕ್ತಿ ಎಷ್ಟು ಅಂತ ಹೇಳುತ್ತದೆ.

ಹಂತ 3: ಪದರಗಳು ಎಲ್ಲಿವೆ ನೋಡಿ

ಈಗ ತಾಪಮಾನ ಮತ್ತು ವಾಹಕತೆಯ ಕಾಲಂಗಳಿಗೆ ಬನ್ನಿ. ವಾಹಕತೆ ಅಂದರೆ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋ ಅಳತೆ. ಕರಗಿದ ಲವಣ ಜಾಸ್ತಿ ಇದ್ದಷ್ಟೂ ಅದೂ ಜಾಸ್ತಿ. ಸಂಶೋಧಕರು ತಂತಿಗೆ ಕಟ್ಟಿದ ಒಂದು ಉಪಕರಣವನ್ನು ಮೇಲಿನಿಂದ ತಳದವರೆಗೆ ನಿಧಾನವಾಗಿ ಇಳಿಸುತ್ತಾರೆ. ಅದು ಹೋಗ್ತಾ ಹೋಗ್ತಾ ಎರಡನ್ನೂ ಬರೆದುಕೊಳ್ಳುತ್ತದೆ.

ಸಂಖ್ಯೆಗಳು ಮೆಲ್ಲಗೆ ಏರದೆ ಎಲ್ಲೋ ಒಂದು ಕಡೆ ದಿಢೀರ್ ಅಂತ ಹಾರುತ್ತವೆ. ಅಲ್ಲೊಂದು ಗೆರೆ ಎಳೆಯಿರಿ. ಅದು ಎರಡು ಪದರಗಳ ಗಡಿ. ಅನಿಲ ಖಾಲಿ ಮಾಡುವ ಕೆಲಸ (ಹಂತ 7ರಲ್ಲಿ ಬರುತ್ತದೆ) ಶುರುವಾಗುವ ಮುಂಚೆ ನ್ಯೋಸ್‌ನಲ್ಲಿ ಇಂಥ ಎರಡು ಗಡಿ ಸ್ಪಷ್ಟವಾಗಿದ್ದವು. ಒಂದು ಸುಮಾರು 50 ಮೀಟರ್‌ನಲ್ಲಿ, ಇನ್ನೊಂದು ಸುಮಾರು 180 ಮೀಟರ್‌ನಲ್ಲಿ.

ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. ನ್ಯೋಸ್‌ನ ತಳದ ನೀರು ಅದರ ಮೇಲಿನ ಪದರಕ್ಕಿಂತ ಬೆಚ್ಚಗಿದೆ. ಬೆಚ್ಚಗಿನ ನೀರು ಹಗುರ, ಮೇಲೆ ಬರಬೇಕಿತ್ತು ಅಲ್ವಾ? ಬರೋದಿಲ್ಲ. ಅದರಲ್ಲಿ ಕರಗಿರುವ ಲವಣಗಳೂ ಕಾರ್ಬನ್ ಡೈಆಕ್ಸೈಡೂ ಸೇರಿ ಅದನ್ನು ಭಾರ ಮಾಡಿವೆ. ಹೌದು, ಕಾರ್ಬನ್ ಡೈಆಕ್ಸೈಡ್ ಕರಗಿದರೆ ನೀರಿನ ಸಾಂದ್ರತೆ ಹೆಚ್ಚುತ್ತದೆ. ಅನಿಲ ಸೇರಿದಷ್ಟೂ ತಳದ ನೀರು ಇನ್ನೂ ಗಟ್ಟಿಯಾಗಿ ತಳದಲ್ಲೇ ಕೂರುತ್ತದೆ, ಕೂತಷ್ಟೂ ಇನ್ನಷ್ಟು ಅನಿಲ ಸೇರಲು ಪುರುಸೊತ್ತು ಸಿಗುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಭಯ ಹುಟ್ಟಿಸೋದು ಇದೇ. ಆದರೆ ಅದೇ ಅನಿಲ ಗುಳ್ಳೆಯಾದ ಕ್ಷಣ ಪರಿಸ್ಥಿತಿ ತಿರುಗುಮುರುಗು. ಗುಳ್ಳೆ ತುಂಬಿದ ನೀರು ಸುತ್ತಲಿನ ನೀರಿಗಿಂತ ಹಗುರವಾಗಿ ಮೇಲೆ ನುಗ್ಗುತ್ತದೆ.

ಹಂತ 4: ನೀರನ್ನು ಮೇಲೆ ತಂದದ್ದು ಹೇಗೆ ಅಂತ ಕೇಳಿ

ಈ ಹಂತವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ವರದಿಯ "ವಿಧಾನ" ಅನ್ನೋ ಭಾಗವನ್ನು ಇಲ್ಲೇ ಓದಬೇಕು.

200 ಮೀಟರ್ ಆಳದ ನೀರನ್ನು ಸಾದಾ ಬಾಟಲಿಯಲ್ಲಿ ತುಂಬಿ ಮೇಲೆಳೆದರೆ ಏನಾಗುತ್ತದೆ? ಮೇಲೆ ಬಂದ ಹಾಗೆಲ್ಲ ಒತ್ತಡ ಇಳಿಯುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಅನಿಲ ಬುಸ್ ಅಂತ ಹೊರಗೆ ಹೋಗುತ್ತದೆ. ದಡದಲ್ಲಿ ಕೂತು ಅಳೆದರೆ ಸಿಗೋದು ಉಳಿದ ಅನಿಲ ಮಾತ್ರ. ಪಿಎಚ್ ಕೂಡ ತಪ್ಪಾಗುತ್ತದೆ, ಯಾಕೆಂದರೆ ಕಾರ್ಬನ್ ಡೈಆಕ್ಸೈಡ್ ಹೋದರೆ ನೀರಿನ ಆಮ್ಲತೆ ಕಡಿಮೆಯಾಗಿ ಪಿಎಚ್ ಏರುತ್ತದೆ. ತಳದಲ್ಲಿ 5ರ ಹತ್ತಿರ ಇದ್ದದ್ದು ದಡದಲ್ಲಿ 6ಕ್ಕೂ ಮೇಲೆ ಕಾಣಿಸಬಹುದು. ಪಿಎಚ್ ಅನ್ನು ನೀರೊಳಗೇ ಅಳೆದಿದ್ದಾರಾ, ದಡದಲ್ಲಿ ಅಳೆದಿದ್ದಾರಾ ಅಂತ ನೋಡಿ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಅನಿಲ ತಪ್ಪಿಸಿಕೊಳ್ಳದ ಹಾಗೆ ಹಿಡಿಯಲು ಕೆಲವು ಒಳ್ಳೆಯ ದಾರಿಗಳಿವೆ. ಗಾಳಿ ತೆಗೆದ ಉಕ್ಕಿನ ಸಿಲಿಂಡರನ್ನು ಇಳಿಸಿ, ಆಳದಲ್ಲೇ ಬಾಯಿ ತೆರೆದು, ಅಲ್ಲೇ ಮುಚ್ಚುವುದು ಒಂದು. ತಳದವರೆಗೆ ಸಣ್ಣ ಪೈಪು ಬಿಟ್ಟು, ಮೇಲೆ ಬರುವ ನೀರು ಎಷ್ಟು, ಅನಿಲ ಎಷ್ಟು ಅಂತ ಬೇರೆ ಬೇರೆ ಅಳೆಯುವುದು ಇನ್ನೊಂದು. ಅನಿಲ ಮಾತ್ರ ದಾಟುವ ಪೊರೆ ಇರುವ ಒತ್ತಡದ ಸೆನ್ಸರ್ ಇಳಿಸಿದರೆ ಕರಗಿದ ಅನಿಲದ ಒಟ್ಟು ಒತ್ತಡ ನೇರವಾಗಿ ಸಿಗುತ್ತದೆ. ಮತ್ತೊಂದು ದಾರಿ ಕ್ಷಾರದ್ದು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಇರುವ ಪಾತ್ರೆಯನ್ನು ಆಳಕ್ಕೆ ಕಳಿಸಿದರೆ, ಒಳಗೆ ಬಂದ ನೀರಿನ ಕಾರ್ಬನ್ ಡೈಆಕ್ಸೈಡ್ ಅಲ್ಲೇ ಕಾರ್ಬೊನೇಟ್ ಆಗಿ ಬಂಧಿಯಾಗುತ್ತದೆ. ಮೇಲೆ ತಂದರೂ ಓಡಿಹೋಗುವುದಿಲ್ಲ.

ಈ ಕೊನೆಯದನ್ನು ಮನೆಯಲ್ಲೇ ಕಣ್ಣಾರೆ ನೋಡಬಹುದು. ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ಕಡಲೆಕಾಳಿನಷ್ಟು ತೆಗೆದು ಒಂದು ಲೋಟ ನೀರಿಗೆ ಕಲಸಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಅಲುಗಿಸದೆ ಗಾಜಿನ ಲೋಟಕ್ಕೆ ಬಗ್ಗಿಸಿ. ಆಗ ತಾನೇ ತೆರೆದ ಸಾದಾ ಸೋಡಾವನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪ ಹಾಕಿ. ತಿಳಿನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಸುಣ್ಣಕ್ಕೆ ಸಿಕ್ಕಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ನಿಲ್ಲಿಸಬೇಡಿ. ಸೋಡಾ ಇನ್ನೂ ಧಾರಾಳವಾಗಿ ಸುರಿಯಿರಿ. ಬಿಳಿ ಕರಗುತ್ತಾ ಬಂದು ನೀರು ಬಹುಮಟ್ಟಿಗೆ ಮತ್ತೆ ತಿಳಿಯಾಗುತ್ತದೆ. ಅನಿಲ ಜಾಸ್ತಿಯಾದಾಗ ಕಾರ್ಬೊನೇಟು ಬೈಕಾರ್ಬೊನೇಟಾಗಿ ಕರಗಿತು. ನ್ಯೋಸ್‌ನ ತಳದಲ್ಲಿ ಬಂಡೆಗಳಿಂದ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ನೀರಿಗೆ ಇಳಿಯುವುದೂ ಹೀಗೆ, ಬೈಕಾರ್ಬೊನೇಟಿನ ಜೊತೆಗೆ. ಸುಣ್ಣದ ನೀರು ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಿ. ಮಕ್ಕಳು ಮಾಡುವುದಾದರೆ ದೊಡ್ಡವರು ಪಕ್ಕದಲ್ಲಿರಲಿ.

ಹಂತ 5: ಅನಿಲದ ಪ್ರಮಾಣವನ್ನು ಒತ್ತಡಕ್ಕೆ ತಿರುಗಿಸಿ

ಇದು ಲೆಕ್ಕದ ಹೃದಯ. ಸ್ವಲ್ಪ ನಿಧಾನವಾಗಿ ಹೋಗೋಣ.

ವರದಿಯಲ್ಲಿ ಕೆಲವೊಮ್ಮೆ "ಒಟ್ಟು ಕರಗಿದ ಕಾರ್ಬೊನೇಟ್" ಅಂತ ಇರುತ್ತದೆ. ಅದರಲ್ಲಿ ಅನಿಲವಾಗಿಯೇ ಕರಗಿರುವ ಕಾರ್ಬನ್ ಡೈಆಕ್ಸೈಡೂ ಇದೆ, ಬೈಕಾರ್ಬೊನೇಟೂ ಇದೆ. ಗುಳ್ಳೆ ಎಬ್ಬಿಸುವ ಒತ್ತಡ ಮೊದಲನೆಯದಕ್ಕೆ ಮಾತ್ರ. ಎಷ್ಟು ಪಾಲು ಅಂತ ಪಿಎಚ್ ಹೇಳುತ್ತದೆ. ಪಿಎಚ್ 5.35 ಇದ್ದರೆ ಸುಮಾರು ಶೇ 90 ಅನಿಲ ರೂಪದಲ್ಲಿದೆ. 6.35 ಇದ್ದರೆ ಅರ್ಧ. 7.35 ಇದ್ದರೆ ಶೇ 10ರ ಹತ್ತಿರ. ದಡದಲ್ಲಿ ಅಳೆದ ಪಿಎಚ್ ಯಾಕೆ ಮೋಸ ಮಾಡುತ್ತದೆ ಅಂತ ಈಗ ಗೊತ್ತಾಯಿತಲ್ಲ? ಅದನ್ನು ನಂಬಿದರೆ ಅಪಾಯದ ಅನಿಲದ ಅರ್ಧ ಭಾಗ ಲೆಕ್ಕದಿಂದಲೇ ಮಾಯವಾಗಬಹುದು.

ಅನಿಲದ ಪಾಲು ಸಿಕ್ಕ ಮೇಲೆ ಹೆನ್ರಿ ನಿಯಮ ಬಳಸಿ. ಒಂದು ಲೀಟರ್ ನೀರಿನಲ್ಲಿ 1 ವಾಯುಭಾರದ ಒತ್ತಡಕ್ಕೆ ಕರಗುವ ಕಾರ್ಬನ್ ಡೈಆಕ್ಸೈಡ್ 15 ಡಿಗ್ರಿಯಲ್ಲಿ ಸುಮಾರು 0.045 ಮೋಲ್, 20 ಡಿಗ್ರಿಯಲ್ಲಿ 0.039, 25 ಡಿಗ್ರಿಯಲ್ಲಿ 0.034. ಕರಗಿದ ಪ್ರಮಾಣವನ್ನು ಈ ಸಂಖ್ಯೆಯಿಂದ (ಇದಕ್ಕೇ ಹೆನ್ರಿ ಸ್ಥಿರಾಂಕ ಅನ್ನೋದು) ಭಾಗಿಸಿದರೆ ಒತ್ತಡ ಬರುತ್ತದೆ.

2001ರಲ್ಲಿ ನ್ಯೋಸ್‌ನ ತಳದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕಿಲೋಗೆ ಸುಮಾರು 0.35 ಮೋಲ್ ಇತ್ತು. ಅಂದಾಜಿಗೆ ಅಷ್ಟನ್ನೂ ಅನಿಲ ಅಂತಲೇ ಹಿಡಿಯೋಣ. ನೀರು ಸುಮಾರು 25 ಡಿಗ್ರಿ. 0.35 ಅನ್ನು 0.034ರಿಂದ ಭಾಗಿಸಿ. 10.3 ವಾಯುಭಾರ ಬಂತು. ಹಂತ 2ರಲ್ಲಿ 200 ಮೀಟರ್‌ಗೆ ನೀರಿನ ಒತ್ತಡ 20.9 ಅಂತ ಬರೆದಿದ್ದೇವೆ. ಎರಡರ ಅನುಪಾತ ಸುಮಾರು ಶೇ 49. ಅಂದರೆ ತುಂಬಬಹುದಾದದ್ದರ ಅರ್ಧ ತುಂಬಿತ್ತು.

ಅರ್ಧ ತಾನೇ ಅಂತ ನಿರಾಳ ಆಗಬೇಡಿ. ಅದೇ ನೀರನ್ನು ಯಾವುದೋ ಕಾರಣಕ್ಕೆ ಮೇಲಕ್ಕೆ ತಳ್ಳಿದರು ಅಂತ ಇಟ್ಟುಕೊಳ್ಳಿ. ನೀರಿನ ಒತ್ತಡ 10.3 ಆಗುವ ಆಳ ಎಷ್ಟು? 10.3ರಿಂದ 0.9 ಕಳೆದು 10ರಿಂದ ಗುಣಿಸಿ. 94 ಮೀಟರ್. ತಳದ ನೀರು ಅಲ್ಲಿಯವರೆಗೆ ಏರಿದರೆ ಸಾಕು, ಗುಳ್ಳೆ ಶುರು. ಆಮೇಲೆ ಯಾರೂ ತಳ್ಳಬೇಕಾಗಿಲ್ಲ. ಗುಳ್ಳೆಗಳೇ ನೀರನ್ನು ಮೇಲೆಳೆಯುತ್ತವೆ, ಕೆಳಗಿನ ನೀರು ಅದರ ಹಿಂದೆಯೇ ಬರುತ್ತದೆ. ಒಂದು ಲೀಟರ್ ನೀರಿನಿಂದ ಬರುವ ಅನಿಲ ಎಷ್ಟು ಅಂತಲೂ ನೋಡಿ: 0.35 ಮೋಲ್ ಅನ್ನು 24.5 ಲೀಟರ್‌ನಿಂದ ಗುಣಿಸಿದರೆ ಎಂಟೂವರೆ ಲೀಟರ್.

ಈ ಲೆಕ್ಕವನ್ನು ತಳಕ್ಕೆ ಮಾತ್ರ ಮಾಡಿ ನಿಲ್ಲಿಸಬಾರದು. ಪಟ್ಟಿಯಲ್ಲಿರುವ ಪ್ರತಿ ಆಳಕ್ಕೂ ಅನುಪಾತ ಬರೆದು, ಅತಿ ದೊಡ್ಡದು ಎಲ್ಲಿದೆ ಅಂತ ಹುಡುಕಿ. ಅನಿಲ ತೆಗೆಯುವ ಕೊಳವೆ ಹಾಕುವ ಮುಂಚಿನ ಮೊನೂನ್‌ನಲ್ಲಿ ತಳಕ್ಕಿಂತ ಸುಮಾರು 60 ಮೀಟರ್ ಆಳದ ಪದರವೇ ಮಿತಿಗೆ ಜಾಸ್ತಿ ಹತ್ತಿರ ಇತ್ತು. ಸರೋವರದ ಆಳ ಸುಮಾರು 100 ಮೀಟರ್. ತಳ ಮಾತ್ರ ನೋಡಿದವರಿಗೆ ಇದು ಕಾಣುತ್ತಲೇ ಇರಲಿಲ್ಲ.

ಆ ಮೊದಲ ತಳ್ಳುವಿಕೆ ಎಲ್ಲಿಂದ ಬಂತು ಅನ್ನೋದು ನ್ಯೋಸ್ ವಿಷಯದಲ್ಲಿ ಇನ್ನೂ ಚರ್ಚೆಯಲ್ಲಿದೆ. ದಡ ಕುಸಿದಿರಬಹುದು, ಗಾಳಿ, ತಣ್ಣನೆಯ ಮಳೆನೀರು ಇರಬಹುದು ಅನ್ನುವವರಿದ್ದಾರೆ. ಎರಡೂ ಘಟನೆ ಆಗಸ್ಟ್‌ನಲ್ಲೇ, ಮಳೆಗಾಲದಲ್ಲೇ ಆದವು. ಆಗ ಮೇಲಿನ ನೀರು ತಣ್ಣಗಿದ್ದು ಪದರಗಳ ನಡುವಿನ ವ್ಯತ್ಯಾಸ ಕಡಿಮೆ ಇರುತ್ತದೆ. ವರದಿಯಲ್ಲಿ ಅಳತೆಯ ತಿಂಗಳು ಯಾವುದು ಅಂತ ಬರೆದುಕೊಳ್ಳಲು ಇದೇ ಕಾರಣ.

ಹಂತ 6: ಎರಡು ಅನಿಲ ಇದ್ದರೆ ಒತ್ತಡಗಳನ್ನು ಕೂಡಿಸಿ

ರುವಾಂಡಾ ಮತ್ತು ಕಾಂಗೋ ಗಡಿಯ ಕಿವು ಸರೋವರ ಈ ಹಂತಕ್ಕೆ ಒಳ್ಳೆಯ ಉದಾಹರಣೆ. ಆಳ 485 ಮೀಟರ್, ವಿಸ್ತಾರ ಸುಮಾರು 2,400 ಚದರ ಕಿಲೋಮೀಟರ್. ಒಳಗೆ ಸುಮಾರು 300 ಘನ ಕಿಲೋಮೀಟರ್ ಕಾರ್ಬನ್ ಡೈಆಕ್ಸೈಡ್, 60 ಘನ ಕಿಲೋಮೀಟರ್ ಮೀಥೇನ್ ಇದೆ ಅಂತ ಅಂದಾಜು. ದಡದ ಆಸುಪಾಸಿನಲ್ಲಿ ಲಕ್ಷಾಂತರ ಜನ ಬದುಕುತ್ತಿದ್ದಾರೆ.

ಸಂಖ್ಯೆ ನೋಡಿದರೆ ಕಾರ್ಬನ್ ಡೈಆಕ್ಸೈಡೇ ದೊಡ್ಡ ಅಪಾಯ ಅನ್ನಿಸುತ್ತದೆ. ಲೆಕ್ಕ ಮಾಡಿ ನೋಡಿ. ತಳದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಲೀಟರ್‌ಗೆ ಸುಮಾರು 0.09 ಮೋಲ್. 0.034ರಿಂದ ಭಾಗಿಸಿದರೆ 2.6 ವಾಯುಭಾರ. ಮೀಥೇನ್ ಸುಮಾರು 0.018 ಮೋಲ್ ಮಾತ್ರ. ಆದರೆ ಮೀಥೇನ್ ನೀರಿನಲ್ಲಿ ಕರಗೋದೇ ಕಷ್ಟ. 25 ಡಿಗ್ರಿಯಲ್ಲಿ ಅದರ ಹೆನ್ರಿ ಸ್ಥಿರಾಂಕ ಸುಮಾರು 0.0014. ಭಾಗಿಸಿದರೆ 12.9 ವಾಯುಭಾರ! ಪ್ರಮಾಣದಲ್ಲಿ ಐದನೇ ಒಂದು ಭಾಗ ಇರುವ ಅನಿಲ ಐದು ಪಟ್ಟು ಒತ್ತಡ ಕೊಡುತ್ತಿದೆ. ಗುಳ್ಳೆ ಏಳುತ್ತದಾ ಇಲ್ಲವಾ ಅನ್ನೋದನ್ನು ನಿರ್ಧರಿಸೋದು ಎರಡರ ಮೊತ್ತ, ಸುಮಾರು 15.5.

485 ಮೀಟರ್‌ನಲ್ಲಿ ನೀರಿನ ಒತ್ತಡ 49ರ ಹತ್ತಿರ. ಹಾಗಾಗಿ ತಳದಲ್ಲಿ ಅನುಪಾತ ಮೂರನೇ ಒಂದು ಭಾಗದಷ್ಟು. 300 ಮೀಟರ್ ಆಸುಪಾಸಿನಲ್ಲಿ ಅದು ಅರ್ಧದ ಹತ್ತಿರ ಹೋಗುತ್ತದೆ. ಕಿವುವಿನಲ್ಲೂ ಗಮನ ಇಡಬೇಕಾದ ಜಾಗ ತಳ ಅಲ್ಲ. ಈ ಮೀಥೇನನ್ನು ರುವಾಂಡಾ ತೆಗೆದು ವಿದ್ಯುತ್ ಮಾಡುತ್ತಿದೆ. ಕಿವುವಾಟ್ ಅನ್ನೋ 26 ಮೆಗಾವಾಟ್ ಸ್ಥಾವರ ಅದಕ್ಕೇ ಇರೋದು. ಅನಿಲ ತೆಗೆದ ನೀರನ್ನು ಯಾವ ಆಳಕ್ಕೆ ವಾಪಸ್ ಬಿಡಬೇಕು ಅನ್ನೋದು ಅಲ್ಲಿನ ಸೂಕ್ಷ್ಮ ಪ್ರಶ್ನೆ. ತಪ್ಪು ಆಳಕ್ಕೆ ಬಿಟ್ಟರೆ ಪದರಗಳೇ ಕದಡುತ್ತವೆ.

ಹಂತ 7: ಅನಿಲ ಎಲ್ಲಿಂದ ಬಂತು, ಮತ್ತೆ ತುಂಬುತ್ತಿದೆಯಾ ನೋಡಿ

1986ರ ನಂತರ ವಿಜ್ಞಾನಿಗಳ ನಡುವೆ ದೊಡ್ಡ ಜಗಳವೇ ಆಯಿತು. ಸರೋವರದ ಕೆಳಗೆ ಜ್ವಾಲಾಮುಖಿಯೇ ಸಿಡಿಯಿತು ಅಂತ ಫ್ರಾನ್ಸ್‌ನ ಜ್ವಾಲಾಮುಖಿ ತಜ್ಞ ಹಾರೂನ್ ತಾಜಿಯೆಫ್ ಮೊದಲಾದವರು. ಕರಗಿದ್ದ ಅನಿಲವೇ ಹೊರಗೆ ಬಂತು ಅಂತ ಇನ್ನೊಂದು ಗುಂಪು. ಬದುಕುಳಿದ ಕೆಲವರು ಕೊಳೆತ ಮೊಟ್ಟೆಯ, ಮದ್ದಿನ ವಾಸನೆ ಬಂತು ಅಂದಿದ್ದರು. ನೀರಿನ ವಿಶ್ಲೇಷಣೆ ನೋಡಿದರೆ ಗಂಧಕದ ಸಂಯುಕ್ತಗಳೂ ಕ್ಲೋರೈಡೂ ಬಹಳ ಕಡಿಮೆ. ತಳದ ನೀರು ಹೇಳಿಕೊಳ್ಳುವಷ್ಟು ಬಿಸಿಯಾಗಿರಲೂ ಇಲ್ಲ. ಜ್ವಾಲಾಮುಖಿ ಸಿಡಿದಿದ್ದರೆ ಈ ಮೂರೂ ಏರಬೇಕಿತ್ತು. ಕಾರ್ಬನ್ ಡೈಆಕ್ಸೈಡ್ ವಿಪರೀತ ಜಾಸ್ತಿಯಾದಾಗ ಮನುಷ್ಯರಿಗೆ ಇಲ್ಲದ ವಾಸನೆ ಬಂದ ಹಾಗೆ ಅನ್ನಿಸುವುದು ಉಂಟು. ನಿಮ್ಮ ಹಾಳೆಯಲ್ಲಿ ಸಲ್ಫೇಟ್, ಕ್ಲೋರೈಡ್ ಕಾಲಂ ಇರಬೇಕಾದದ್ದು ಇದಕ್ಕೇ.

ಮೂಲ ಹುಡುಕಲು ಐಸೊಟೋಪುಗಳನ್ನು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ನೋಡಿ. ನ್ಯೋಸ್‌ನ ಇಂಗಾಲದಲ್ಲಿ ಇಂಗಾಲ-14 ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ಕೊಳೆತ ಎಲೆ, ಗಿಡಗಳಿಂದ ಬಂದದ್ದಲ್ಲ, ಬಹಳ ಹಳೆಯದು. ಹೀಲಿಯಂ-3 ಮತ್ತು ಹೀಲಿಯಂ-4ರ ಅನುಪಾತ ಗಾಳಿಯಲ್ಲಿ ಇರೋದಕ್ಕಿಂತ ಹಲವು ಪಟ್ಟು ಜಾಸ್ತಿ. ಅದು ಭೂಮಿಯ ಆಳದ ಮ್ಯಾಂಟಲ್‌ನಿಂದ ಬಂದದ್ದರ ಗುರುತು.

ಆಮೇಲೆ ಬೇರೆ ಬೇರೆ ವರ್ಷದ ವರದಿಗಳನ್ನು ಒಂದರ ಪಕ್ಕ ಒಂದು ಇಡಿ. 2001ರ ಜನವರಿಯಲ್ಲಿ ಫ್ರೆಂಚ್ ತಂಡ ನ್ಯೋಸ್‌ಗೆ 203 ಮೀಟರ್ ಆಳದ ಕೊಳವೆ ಇಳಿಸಿತು. ಪಂಪಿನಿಂದ ಸ್ವಲ್ಪ ನೀರು ಮೇಲೆತ್ತಿದ್ದಷ್ಟೇ. ಹಂತ 5ರಲ್ಲಿ ನೋಡಿದ ಹಾಗೆ ಗುಳ್ಳೆ ಎದ್ದು ನೀರು ತಾನಾಗಿಯೇ ನುಗ್ಗಿ ಸುಮಾರು 50 ಮೀಟರ್ ಎತ್ತರದ ಕಾರಂಜಿ ಆಯಿತು. ಕೊಂದ ಅನಿಲದ ಶಕ್ತಿಯನ್ನೇ ಬಳಸಿ ಅದನ್ನು ಖಾಲಿ ಮಾಡಿದ ಈ ಉಪಾಯಕ್ಕೆ ಎಷ್ಟು ಮೆಚ್ಚಿದರೂ ಸಾಲದು. ಮೊನೂನ್‌ಗೆ 2003ರಲ್ಲಿ ಕೊಳವೆ ಬಂತು, 2006ರಲ್ಲಿ ಇನ್ನೆರಡು ಸೇರಿದವು. ನ್ಯೋಸ್‌ಗೆ 2011ರಲ್ಲಿ ಮತ್ತೆರಡು ದೊಡ್ಡ ಕೊಳವೆ ಹಾಕಿದರು. ಆ ನೀರು ಹೊರಗೆ ಬಂದು ಗಾಳಿ ತಾಗಿದಾಗ ಕರಗಿದ ಕಬ್ಬಿಣ ತುಕ್ಕಾಗಿ ಸರೋವರದ ಮೇಲ್ಮೈಯನ್ನು ಕೆಂಪು ಕಂದು ಮಾಡುತ್ತದೆ. 1986ರ ದುರಂತದ ನಂತರ ಸರೋವರ ಕೆಂಪಾಗಿ ಕಂಡದ್ದೂ ಇದರಿಂದಲೇ.

ಕೆಳಗಿನಿಂದ ಅನಿಲ ಬರೋದು ಮಾತ್ರ ನಿಂತಿಲ್ಲ. ಮೊನೂನ್‌ನಲ್ಲಿ ಅನಿಲ ಕಡಿಮೆಯಾಗಿ ಕಾರಂಜಿ ತಾನೇ ನಿಂತುಹೋಯಿತು, ಆಮೇಲೆ ತಳದಲ್ಲಿ ಅನಿಲ ಮತ್ತೆ ಸೇರತೊಡಗಿತು. ಅದಕ್ಕೇ ಅಲ್ಲಿ ಸೌರಶಕ್ತಿಯ ಪಂಪು ಇಟ್ಟು ತಳದ ನೀರು ಎತ್ತುವ ವ್ಯವಸ್ಥೆ ಮಾಡಿದರು. ಒಂದೇ ವರ್ಷದ ವರದಿ ಹಿಡಿದು "ಈಗ ಸುರಕ್ಷಿತ" ಅಂತ ಬರೆಯುವ ಸುದ್ದಿಗಳನ್ನು ನಂಬಬೇಡಿ.

ಹಂತ 8: ಆಮ್ಲ ಸರೋವರವಾದರೆ ಅನುಪಾತಗಳನ್ನು ಹಿಂಬಾಲಿಸಿ

ಕಾವಾ ಇಜೆನ್‌ನ ನೀರಿನ ಪಿಎಚ್ 0.5ಕ್ಕಿಂತಲೂ ಕಡಿಮೆ ಇರುತ್ತದೆ. ಪಿಎಚ್ 0.3 ಅಂದರೆ ಲೀಟರ್‌ಗೆ ಅರ್ಧ ಮೋಲ್ ಹೈಡ್ರೋಜನ್ ಅಯಾನು. ಸಲ್ಫರ್ ಡೈಆಕ್ಸೈಡ್, ಹೈಡ್ರೋಜನ್ ಕ್ಲೋರೈಡ್, ಹೈಡ್ರೋಜನ್ ಫ್ಲೋರೈಡ್ ಎಲ್ಲಾ ಕರಗಿ ಸಲ್ಫ್ಯೂರಿಕ್, ಹೈಡ್ರೋಕ್ಲೋರಿಕ್, ಹೈಡ್ರೋಫ್ಲೋರಿಕ್ ಆಮ್ಲವಾಗಿವೆ. ಇಂಥ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ನಿಲ್ಲದೆ ಮೇಲೆ ಹೋಗಿಬಿಡುತ್ತದೆ. ಹಂತ 5ರ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇನ್ನೊಂದು ಮಾತು, 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಮಾಡಿದ ಮೀಟರ್ ಪಿಎಚ್ 1ಕ್ಕಿಂತ ಕೆಳಗೆ ಸರಿಯಾಗಿ ಹೇಳುವುದಿಲ್ಲ. ಗೊತ್ತಿರುವ ಬಲದ ಆಮ್ಲ ಇಟ್ಟು ಹೋಲಿಸಿದ್ದಾರಾ ಅಂತ ನೋಡಿ.

ಇಲ್ಲಿ ಒಂದೊಂದೇ ಸಂಖ್ಯೆ ನೋಡಿದರೆ ದಾರಿ ತಪ್ಪುತ್ತದೆ. ಮಳೆ ಬಂದರೆ ಎಲ್ಲವೂ ತೆಳುವಾಗುತ್ತದೆ, ಬಿಸಿಲಿಗೆ ಎಲ್ಲವೂ ಗಟ್ಟಿಯಾಗುತ್ತದೆ. ಅನುಪಾತ ಮಾತ್ರ ಅದರಿಂದ ಬದಲಾಗದು. ರುಅಪೆಹುವಿನಲ್ಲಿ ಮೆಗ್ನೀಸಿಯಂ ಮತ್ತು ಕ್ಲೋರೈಡ್ ಅನುಪಾತವನ್ನು ದಶಕಗಳಿಂದ ಗಮನಿಸುತ್ತಿದ್ದಾರೆ. ಕ್ಲೋರೈಡ್ ಬರೋದು ಅನಿಲದಿಂದ, ಮೆಗ್ನೀಸಿಯಂ ಬರೋದು ಆಮ್ಲ ಕರಗಿಸಿದ ಹೊಸ ಬಿಸಿ ಬಂಡೆಯಿಂದ. ಅನುಪಾತ ಏರಿದರೆ ತಾಜಾ ಶಿಲಾಪಾಕ ನೀರಿಗೆ ಹತ್ತಿರ ಬಂದಿರಬಹುದು. ಪೊವಾಸ್‌ನಲ್ಲಿ ಸರೋವರದ ಮೇಲಿನ ಗಾಳಿಯನ್ನೇ ಅಳೆಯುತ್ತಾರೆ. 2014ರ ಸ್ಫೋಟಗಳಿಗೆ ಕೆಲವು ದಿನ ಮುಂಚೆ ಸಲ್ಫರ್ ಡೈಆಕ್ಸೈಡ್ ಮತ್ತು ಕಾರ್ಬನ್ ಡೈಆಕ್ಸೈಡ್ ಅನುಪಾತ ಏರಿದ್ದು ಕಂಡಿತ್ತು. ಜಪಾನಿನ ಯುಗಾಮ ಸರೋವರದಲ್ಲಿ ಪಾಲಿಥಯೊನೇಟ್ ಅನ್ನೋ ಗಂಧಕದ ಸಂಯುಕ್ತಗಳನ್ನು ಹಿಂಬಾಲಿಸಿದರು. ಬರುವ ಸಲ್ಫರ್ ಡೈಆಕ್ಸೈಡ್ ವಿಪರೀತವಾದಾಗ ಅವು ಒಡೆದು ಮಾಯವಾಗುತ್ತವೆ.

ಹಂತ 9: ಅಲ್ಲಿಗೇ ಹೋಗುವುದಾದರೆ

ಬಾಲಿ ಪ್ರವಾಸಕ್ಕೆ ಹೋದ ನಮ್ಮವರು ಈಗ ಇಜೆನ್‌ನ ನೀಲಿ ಜ್ವಾಲೆ ನೋಡಲು ರಾತ್ರಿ ಬೆಟ್ಟ ಹತ್ತುವುದು ಸಾಮಾನ್ಯ. 2018ರ ಮಾರ್ಚ್‌ನಲ್ಲಿ ಈ ಕುಳಿಯಿಂದ ಹೊಮ್ಮಿದ ಅನಿಲದಿಂದ ಕೆಳಗಿನ ಹಳ್ಳಿಗಳ ಹಲವರು ಆಸ್ಪತ್ರೆ ಸೇರಿದ್ದರು. ಬಟ್ಟೆಯ ಮಾಸ್ಕ್ ಆಮ್ಲದ ಅನಿಲವನ್ನು ತಡೆಯುವುದಿಲ್ಲ. ಆಮ್ಲ ಅನಿಲಕ್ಕೆಂದೇ ಮಾಡಿದ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು. ಗಾಳಿ ನಿಮ್ಮ ಕಡೆಗೆ ತಿರುಗಿದರೆ ಫೋಟೊ ಬಿಟ್ಟು ಪಕ್ಕಕ್ಕೆ ಸರಿಯಿರಿ. ಅಸ್ತಮಾ ಇದ್ದವರು, ಚಿಕ್ಕ ಮಕ್ಕಳು ಕುಳಿಗೆ ಇಳಿಯುವುದೇ ಬೇಡ.

ಕಾರ್ಬನ್ ಡೈಆಕ್ಸೈಡ್‌ಗೆ ಆ ಕಾರ್ಟ್ರಿಜ್ ಕೂಡ ಕೆಲಸಕ್ಕೆ ಬಾರದು. ಕಿವು ದಡದ ಗೋಮಾ ನಗರದ ಸುತ್ತ ತಗ್ಗುಗಳಲ್ಲಿ ಈ ಅನಿಲ ಮಡುಗಟ್ಟಿ ನಿಲ್ಲುತ್ತದೆ. ಅಲ್ಲಿನವರು ಅದನ್ನು ಮಝುಕು ಅನ್ನುತ್ತಾರೆ. ಕಣ್ಣಿಗೆ ಕಾಣದು. ಗಾಳಿಯಲ್ಲಿ ಶೇ 10 ದಾಟಿದರೆ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತದೆ. ತಗ್ಗಿನಲ್ಲಿ ಸತ್ತ ಹಕ್ಕಿ, ಪ್ರಾಣಿ ಕಂಡರೆ ಇಳಿಯಬೇಡಿ, ಬಿದ್ದವರನ್ನು ಎತ್ತಲು ಒಬ್ಬರೇ ನುಗ್ಗಬೇಡಿ, ಎತ್ತರದ ಜಾಗದಲ್ಲಿ ನಿಂತು ಸ್ಥಳೀಯರನ್ನು ಕೂಗಿ ಕರೆಯಿರಿ. ಗಾಳಿ ಬೀಸದ ರಾತ್ರಿ, ಮುಂಜಾವದಲ್ಲಿ ಅಪಾಯ ಜಾಸ್ತಿ. ಅಂಥ ಜಾಗದಲ್ಲಿ ಟೆಂಟ್ ಹಾಕಿ ನೆಲದ ಮೇಲೆ ಮಲಗಲೇಬಾರದು.

ಹೊರಡುವ ಹಿಂದಿನ ದಿನ ಆ ದೇಶದ ಜ್ವಾಲಾಮುಖಿ ವೀಕ್ಷಣಾಲಯ ಏನು ಹೇಳಿದೆ ನೋಡಿ. ಇಂಡೊನೇಷ್ಯಾದಲ್ಲಿ ಎಚ್ಚರಿಕೆ ಮಟ್ಟ 1ರಿಂದ 4ರವರೆಗೆ ಇರುತ್ತದೆ. 2 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಗೈಡ್ ಎಷ್ಟೇ ಧೈರ್ಯ ಹೇಳಿದರೂ, ಕುಳಿಯ ಒಳಗೆ ಇಳಿಯಬೇಡಿ.